ಖರಾಬು ಕಾಲಂನಿಂದ ಶುರು ಮಾಡಿ: ಹಳೆಯ ಗ್ರಾಮನಕ್ಷೆಯಲ್ಲಿ ಊರಿನ ಹಿಂದನ್ನು ಓದುವ ಬಗೆ

ಗ್ರಾಮನಕ್ಷೆ ಬರೆಸಿದ್ದು ಕಂದಾಯ ಎತ್ತಲಿಕ್ಕೆ. ಊರಿನ ಚರಿತ್ರೆ ಉಳಿಯಲಿ ಅನ್ನುವ ಯೋಚನೆ ಬರೆಸಿದವರಿಗೆ ಇರಲಿಲ್ಲ. ಹಾಗಾಗಿ ಮೊದಲ ಸಲ ನೋಡಿದವರಿಗೆ ಹೊಲದ ಗೆರೆ, ಸರ್ವೆ ನಂಬರು ಬಿಟ್ಟು ಅದರಲ್ಲಿ ಏನೂ ಕಾಣುವುದಿಲ್ಲ. ಜನ ಬಾಳಿದ ಗ್ರಾಮಠಾಣವೇ ಅಲ್ಲಿ ಖಾಲಿ ಬಿಳಿ ತುಂಡು, ಏಕೆಂದರೆ ಅದಕ್ಕೆ ಭೂಕಂದಾಯ ಇರಲಿಲ್ಲ. ಆದರೆ ಕಂದಾಯ ಹಾಕಲಾಗದ ಜಾಗ, ಅಂದರೆ ಖರಾಬು, ಯಾವುದು, ಯಾಕೆ ಬಿಟ್ಟರು ಎಂಬುದನ್ನು ಸರ್ವೆಯವರು ಗುಂಟೆ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಹಳ್ಳ, ಓಣಿ, ಕೆರೆ, ಸ್ಮಶಾನ, ಗುಂಡುತೋಪು, ಹಾಳೂರಿನ ದಿಬ್ಬ ಎಲ್ಲವೂ ಆ ಲೆಕ್ಕದಲ್ಲಿವೆ. ಇವತ್ತು ನೆಲದ ಮೇಲೆ ಅವು ಒತ್ತುವರಿಯಾಗಿರಬಹುದು, ಕಾಗದದಲ್ಲಿ ಮಾತ್ರ ಇದ್ದಲ್ಲೇ ಇವೆ. ಊರಿನ ಹಿಂದನ್ನು ಹುಡುಕುವವರು ನೋಡಬೇಕಾದ್ದು ಆ ತುಂಡುಗಳನ್ನೇ.

ಯಾವ ಸೀಮೆ, ಯಾವ ನಕ್ಷೆ

ಕರ್ನಾಟಕದ ಎಲ್ಲ ಊರಿನ ದಾಖಲೆಯೂ ಒಂದೇ ಥರ ಇಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಮುಂಬಯಿ ಪದ್ಧತಿಯ ಸರ್ವೆ 1840ರ ದಶಕದಲ್ಲೇ ನಡೆಯುತ್ತಿತ್ತು. ಅಲ್ಲಿನ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ ಎದುರಾಗುತ್ತದೆ. ಮೈಸೂರು ಸಂಸ್ಥಾನ ಅದೇ ಪದ್ಧತಿಯನ್ನು 1863ರಲ್ಲಿ ಶುರು ಮಾಡಿತು. ಅಲ್ಲಿ ಕನ್ನಡ ಬರಹ, ಕನ್ನಡ ಅಂಕಿ. ಕಲಬುರಗಿ, ರಾಯಚೂರು, ಬೀದರಿನ ಕಡೆ ನಿಜಾಮರ ಕಾಲದ ಉರ್ದು ದಾಖಲೆ. ದಕ್ಷಿಣ ಕನ್ನಡ, ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿ ಅಳತೆಯ ಕ್ರಮವೇ ಬೇರೆ. ನಿಮ್ಮ ಊರು 1956ಕ್ಕೆ ಮುಂಚೆ ಯಾರ ಆಡಳಿತದಲ್ಲಿತ್ತು ಎಂದು ಗೊತ್ತಾದರೆ ಯಾವ ಲಿಪಿ ಓದುವವರ ನೆರವು ಬೇಕು ಎಂಬುದೂ ಗೊತ್ತಾಗುತ್ತದೆ. ಕನ್ನಡ ಅಂಕಿಯಲ್ಲೂ ಎಚ್ಚರ ಬೇಕು: ಕೈಬರಹದಲ್ಲಿ ೬ ಮತ್ತು ೯, ೧ ಮತ್ತು ೦ ಅದಲುಬದಲಾಗುವುದು ಮಾಮೂಲು. ಮುಂದೆ ಹೇಳುವ ಲೆಕ್ಕಗಳು ಮುಂಬಯಿ ಪದ್ಧತಿಯ ಊರುಗಳಿಗೆ, ಎಂದರೆ ಹಳೇ ಮೈಸೂರು ಮತ್ತು ಉತ್ತರದ ಬಹುಪಾಲು ಜಿಲ್ಲೆಗಳಿಗೆ ಹೊಂದುತ್ತವೆ.

ಗ್ರಾಮನಕ್ಷೆಯ ಪಿಡಿಎಫ್ ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ‘ರೆವಿನ್ಯೂ ಮ್ಯಾಪ್ಸ್’ ವಿಭಾಗದಲ್ಲಿ ಸಿಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಇಳಿಸಿಕೊಳ್ಳುವುದು. ಪಟ್ಟಿಯಲ್ಲಿ ನಿಮ್ಮ ಊರು ಕಾಣದಿದ್ದರೆ ಅದು ದಾಖಲೆ ಗ್ರಾಮ, ಅಂದರೆ ಇನ್ನೊಂದು ಕಂದಾಯ ಗ್ರಾಮದ ಒಳಗಿನ ಮಜರೆ, ಆಗಿರಬಹುದು. ಆಗ ಪಹಣಿಯ ಮೇಲ್ಭಾಗದಲ್ಲಿರುವ ಗ್ರಾಮದ ಹೆಸರಿನಿಂದ ಹುಡುಕಿ. ಅಕ್ಕಪಕ್ಕದ ಊರುಗಳ ನಕ್ಷೆಯನ್ನೂ ಆಗಲೇ ಇಳಿಸಿಕೊಳ್ಳಿ. ಗಡಿಯ ಮೇಲಿನ ಓಣಿ, ಹಳ್ಳಗಳು ಅರ್ಧ ಈ ಹಾಳೆಯಲ್ಲಿ, ಅರ್ಧ ಆ ಹಾಳೆಯಲ್ಲಿ ಇರುತ್ತವೆ.

ಆ ಪಟ್ಟಿಯನ್ನು ಓದುವುದೇ ಮೊದಲ ಪಾಠ. ‘ಕಾವಲ್’ ಎಂದು ಕೊನೆಯಾಗುವ ಗ್ರಾಮಗಳಲ್ಲಿ ಹಲವು ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಕಾಯ್ದಿರಿಸಿದ್ದ ಹುಲ್ಲುಗಾವಲು. ‘ಅಮಾನಿಕೆರೆ’ ಎಂದಿದ್ದರೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತಿದ್ದ ದೊಡ್ಡ ಕೆರೆ. ಕೆರೆಗೇ ಒಂದು ಗ್ರಾಮದ ಲೆಕ್ಕ. ‘ಬೇಚರಾಕ್’ ಎಂದು ಬರೆದಿದ್ದರೆ ಜನವಸತಿ ಇಲ್ಲದ ಊರು. ಪದ ಪಾರ್ಸಿಯದು, ದೀಪವಿಲ್ಲದ್ದು ಎಂದು ಅರ್ಥ. ಗುಮಾಸ್ತರ ಭಾಷೆಯಲ್ಲಿ ಇಷ್ಟು ಚೆಂದದ ಪದ ಅಪರೂಪ. ಬೇಚರಾಕ್ ಗ್ರಾಮ ಒಂದು ಹತ್ತಿರದಲ್ಲಿದ್ದರೆ ನಿಮ್ಮೂರಿಗಿಂತ ಮೊದಲು ಅದರ ನಕ್ಷೆ ತೆಗೆಯಿರಿ. ಪ್ಲೇಗು, ಬರ, ದಂಡು, ಕೆರೆ ಒಡೆತ, ಯಾವುದಕ್ಕೋ ಊರು ಎದ್ದು ಹೋಗಿದೆ. ಎದ್ದವರಲ್ಲಿ ಕೆಲವರು ನಿಮ್ಮೂರಿಗೇ ಬಂದು ನೆಲೆಸಿರಬಹುದು. ಅದರ ಸುಳಿವು ಮನೆದೇವರಲ್ಲಿ ಸಿಗುತ್ತದೆ: ದೇವರು ಹಾಳೂರಿನಲ್ಲಿ, ಒಕ್ಕಲು ಇಲ್ಲಿ.

ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯದ ಪಟ್ಟಿ) ಮತ್ತು ಟಿಪ್ಪಣಿಗೆ (ಒಂದೊಂದು ನಂಬರನ್ನು ಅಳೆದು ಬರೆದ ಹಾಳೆ) ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ, ಜನರ ಬಾಯಲ್ಲಿ ಸರ್ವೆ ಆಫೀಸಿಗೆ, ಅರ್ಜಿ ಕೊಡಬೇಕು. ‘ಊರಿನ ಎಲ್ಲ ದಾಖಲೆ’ ಎಂದು ಕೇಳಿದರೆ ಅರ್ಜಿ ಮುಂದೆ ಸರಿಯುವುದಿಲ್ಲ. ನಕ್ಷೆ ನೋಡಿ ಅನುಮಾನ ಬಂದ ನಾಲ್ಕೈದು ಸರ್ವೆ ನಂಬರು ಆರಿಸಿ ಅವಷ್ಟರದ್ದನ್ನೇ ಕೇಳಿ. ಇನಾಂ ಗ್ರಾಮ, ಅಂದರೆ ದಾನವಾಗಿ ಕೊಟ್ಟ ಊರು, ಆಗಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇನಾಂ ರಿಜಿಸ್ಟರನ್ನೂ ವಿಚಾರಿಸಿ.

ಮುದ್ರಿಸುವಾಗಲೇ ಕೆಡುವುದು

ಹಳೆಯ ಗ್ರಾಮನಕ್ಷೆಗಳು ಸಾಮಾನ್ಯವಾಗಿ 1 ಅಂಗುಲಕ್ಕೆ 10 ಸರಪಳಿ, ಅಂದರೆ 660 ಅಡಿಯ ಪ್ರಮಾಣದವು: ಮೈಲಿಗೆ 8 ಅಂಗುಲ, 1:7920. ಹಾಳೆಯ ಅಂಚಿನಲ್ಲಿ ಬರೆದಿರುವ ಪ್ರಮಾಣವನ್ನು ಒಮ್ಮೆ ನೋಡಿ ಖಚಿತ ಮಾಡಿಕೊಳ್ಳಿ. ಈ ಪ್ರಮಾಣಕ್ಕೆ ಒಂದು ಸುಲಭ ಗುಣವಿದೆ: ನಕ್ಷೆಯ ಒಂದು ಚದರ ಅಂಗುಲ ನೆಲದ ಮೇಲೆ ಸರಿಯಾಗಿ 10 ಎಕರೆ. ಅಂಗುಲವನ್ನು ಹತ್ತು ಭಾಗ ಮಾಡಿದ ಗ್ರಾಫ್ ಹಾಳೆಯಲ್ಲಿ ಒಂದು ಚಿಕ್ಕ ಚೌಕ 4 ಗುಂಟೆ. ಸೆಂಟಿಮೀಟರ್ ಗ್ರಾಫ್ ಆದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಎಕರೆ 22 ಗುಂಟೆ.

ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಟರ್ ಇರುವ ಕಡೆ ಹೋಗಿ, ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ತೆಗೆಸಿ, ನೂರಕ್ಕೆ ನೂರು ಅಳತೆಯಲ್ಲಿ ಮುದ್ರಿಸಲು ಹೇಳಿ. ಆಮೇಲೂ ನಂಬಬೇಡಿ; ಸ್ಕ್ಯಾನ್ ಮಾಡುವಾಗಲೇ ಅಳತೆ ಬದಲಾಗಿರಬಹುದು. ಗ್ರಾಫ್‌ನ ಪಾರದರ್ಶಕ ಹಾಳೆಯನ್ನು ಐದಾರು ಸರ್ವೆ ನಂಬರುಗಳ ಮೇಲಿಟ್ಟು ಚೌಕ ಎಣಿಸಿ, ಆಕಾರ್‌ಬಂದ್ ಅಥವಾ ಪಹಣಿಯ ಒಟ್ಟು ವಿಸ್ತೀರ್ಣಕ್ಕೆ ಹೋಲಿಸಿ. ಎಲ್ಲ ನಂಬರೂ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ದೋಷ ಮುದ್ರಣದ್ದು. ಉದ್ದ ನೂರಕ್ಕೆ 5 ಕುಗ್ಗಿದರೆ ವಿಸ್ತೀರ್ಣ ನೂರಕ್ಕೆ 10ರಷ್ಟು ಕುಗ್ಗುತ್ತದೆ ಎಂಬುದು ನೆನಪಿರಲಿ. ಒಂದೇ ನಂಬರು ತಪ್ಪಿದರೆ ಕಥೆ ಆ ಹೊಲದ್ದು. ಅದನ್ನು ಗುರುತು ಹಾಕಿಡಿ. ಮೂಲ ಹಾಳೆ ಮಡಚಿ ಮಡಚಿ ಸವೆದಿದ್ದರೆ ಮಡಿಕೆಯ ಉದ್ದಕ್ಕೂ ಗೆರೆಗಳು ಜಾರಿರುತ್ತವೆ. ಮಡಿಕೆ ದಾಟುವ ಅಳತೆಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು.

ಮನೆಯಲ್ಲಿ ಕೂತು ಓದುವುದು

ಊರಿಗೆ ಹೋಗುವ ಮುಂಚೆ ಮೂರು ಸಂಜೆಯಾದರೂ ನಕ್ಷೆಯ ಮುಂದೆ ಕೂರಬೇಕು. ಮೂರು ಬಣ್ಣದ ಪೆನ್ಸಿಲ್ ಸಾಕು. ನೀಲಿಯಲ್ಲಿ ಹಳ್ಳ, ಕೆರೆ, ಕಾಲುವೆ ಬಾವಿಗಳನ್ನು ತಿದ್ದಿ. ಕೆಂಪಿನಲ್ಲಿ ಬಂಡಿದಾರಿ, ಓಣಿ, ಕಾಲುದಾರಿ. ಹಸಿರಿನಲ್ಲಿ ಗೋಮಾಳ, ಗುಂಡುತೋಪು, ಹುಲ್ಲುಬನ್ನಿ (ಹುಲ್ಲಿಗೆ ಬಿಟ್ಟ ಜಾಗ). ಇಷ್ಟು ಮಾಡುವಷ್ಟರಲ್ಲಿ ಹೊಲದ ಗೆರೆಗಳ ಕಾಡಿನಿಂದ ಊರಿನ ಎಲುಬು ಹೊರಬರುತ್ತದೆ.

ದಾರಿಗಳನ್ನು ಮೊದಲು ನೋಡಿ. ನಾಲ್ಕೈದು ಓಣಿಗಳು ಬಂದು ಕೂಡುವ ಜಾಗದಲ್ಲಿ ಗ್ರಾಮಠಾಣ ಇರುವುದು ಸಹಜ. ಆದರೆ ಅವು ಈಗಿನ ಗ್ರಾಮಠಾಣವನ್ನು ಬಿಟ್ಟು, ಹೊಲದ ನಡುವಿನ ಖಾಲಿ ಜಾಗದಲ್ಲಿ ಕೂಡಿದರೆ ಅಲ್ಲಿ ಹಳೆಯ ಊರು, ಸಂತೆ ಮಾಳ ಅಥವಾ ಸುಂಕದ ಕಟ್ಟೆ ಇದ್ದಿರುವ ಸಾಧ್ಯತೆ ಬಲವಾಗಿದೆ. ಹಳ್ಳ ದಾಟುವ ಕಡೆ ದಾರಿ ಅಗಲವಾಗಿದ್ದರೆ ಬಂಡಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಜಾಗ ಎಂದು ತಿಳಿಯಬಹುದು.

ನಂತರ ಸರ್ವೆ ನಂಬರಿನ ಸರಣಿ. ಮೂಲ ಸರ್ವೆಯಲ್ಲಿ ನಂಬರುಗಳು ಒಂದರ ಪಕ್ಕ ಒಂದು ಸಾಗುತ್ತವೆ. 44, 45, 46 ಎಂದು ಹೋಗುತ್ತಿರುವಾಗ ನಡುವೆ 131 ಎಂಬ ನಂಬರು ಕಂಡರೆ ಅದು ಮೂಲದ್ದಲ್ಲ. ಗೋಮಾಳವನ್ನೋ ಸರ್ಕಾರಿ ಬೀಳನ್ನೋ ಕಡಿದು ಆಮೇಲೆ ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿದವರಿಗೆ, ಕೊಟ್ಟು, ಸರಣಿಯ ಕೊನೆಯ ನಂಬರು ಹಾಕಿರುತ್ತಾರೆ. ಇಂಥ ತಡವಾಗಿ ಬಂದ ನಂಬರುಗಳಿಗೆಲ್ಲ ಒಂದೇ ಬಣ್ಣ ತುಂಬಿ. ಬಣ್ಣ ಬಿದ್ದಷ್ಟೂ ಜಾಗ ಹಿಂದೆ ದನ ಮೇಯುತ್ತಿದ್ದ ನೆಲ. ಊರಿನ ಹುಲ್ಲುಗಾವಲು ಎಷ್ಟಿತ್ತು, ಎಷ್ಟು ಉಳಿಯಿತು ಎಂಬುದನ್ನು ಯಾರನ್ನೂ ಕೇಳದೆ ಎಕರೆ ಲೆಕ್ಕದಲ್ಲಿ ಹೇಳಬಲ್ಲ ವಿಧಾನ ಇದು.

ಹೊಲದ ಆಕಾರವೂ ಮಾತಾಡುತ್ತದೆ. ಕೆರೆ ಏರಿಯ ಕೆಳಗೆ ಕಿರಿದಾದ ಪಟ್ಟಿ ಪಟ್ಟಿ ನಂಬರುಗಳು ಕಿಕ್ಕಿರಿದಿದ್ದರೆ ಅದು ಅಚ್ಚುಕಟ್ಟು, ಗದ್ದೆ ಬಯಲು. ಅಂಥ ಪಟ್ಟಿಗಳಿದ್ದೂ ಮೇಲೆ ಕೆರೆ ಕಾಣದಿದ್ದರೆ ಒಡೆದ ಕೆರೆಯೊಂದನ್ನು ಹುಡುಕಬೇಕು. ಪಟ್ಟಿಗಳ ಮೇಲ್ದಿಕ್ಕಿನಲ್ಲಿ ಹಳ್ಳಕ್ಕೆ ಅಡ್ಡವಾಗಿ ಸಾಗುವ ಉದ್ದನೆಯ ಗೆರೆ ಏರಿಯದ್ದೇ ಆಗಿರುವುದು ಹೆಚ್ಚು.

ಈಗ ಖರಾಬು. ಆಕಾರ್‌ಬಂದ್‌ನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು, ಉಳಿದ ಸಾಗುವಳಿ, ಅದಕ್ಕೆ ಆಕಾರ ಎಂದು ಕಾಲಂಗಳಿರುತ್ತವೆ. ‘ಎ’ ಖರಾಬು ಎಂದರೆ ಬಂಡೆ, ಕೊರಕಲು, ಒಡೆಯನದೇ ಕಣ ಅಥವಾ ಹೊಲದ ಕಟ್ಟಡ ಇತ್ಯಾದಿ ಉಳಲಾಗದ ಭಾಗ. ‘ಬಿ’ ಖರಾಬು ಎಂದರೆ ಸಾರ್ವಜನಿಕರದು: ರಸ್ತೆ ಮತ್ತು ಮಾನ್ಯವಾದ ಕಾಲುದಾರಿ, ಇತರರೂ ಬಳಸುವ ಕೆರೆ ಹಳ್ಳ, ಸ್ಮಶಾನ, ಕುಂಬಾರಿಕೆಗೆ ಬಿಟ್ಟ ಜಾಗ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 21ನೇ ನಿಯಮ ಈ ವಿಂಗಡಣೆಯನ್ನು ಹೇಳುತ್ತದೆ. ಊರಿನ ಎಲ್ಲ ‘ಬಿ’ ಖರಾಬನ್ನೂ ಒಂದು ಪಟ್ಟಿ ಮಾಡಿ. ಅದರಲ್ಲಿ ದಾರಿ, ಹಳ್ಳ ಎಂದು ನಕ್ಷೆಯಲ್ಲೇ ಕಾಣುವುದನ್ನು ಹೊಡೆದುಹಾಕಿ. ನಕ್ಷೆಯಲ್ಲಿ ಕಾರಣ ಕಾಣದೆ ಉಳಿದ ಎಂಟು ಗುಂಟೆ, ಹನ್ನೆರಡು ಗುಂಟೆಗಳೇ ಟಿಪ್ಪಣಿ ಕೇಳಬೇಕಾದ ನಂಬರುಗಳು. ಟಿಪ್ಪಣಿಯಲ್ಲಿ ಗೋರಿ, ಗುಡಿ, ಬಾವಿ, ಗುಂಡು ಎಂದು ಜಾಗ ಸಮೇತ ಬರೆದಿರುವುದುಂಟು.

ಟಿಪ್ಪಣಿಯ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಅಲ್ಲಿನ ಸರಪಳಿ 33 ಅಡಿಯದು, ಸರಪಳಿಗೆ 16 ಆಣೆ, ಆಣೆಗೆ 2 ಅಡಿ ಮುಕ್ಕಾಲು ಅಂಗುಲ. (33 ಅಡಿ ಉದ್ದ 33 ಅಡಿ ಅಗಲ ಸೇರಿದರೆ ಒಂದು ಗುಂಟೆ, 1089 ಚದರ ಅಡಿ.) ‘5–8’ ಎಂದಿದ್ದರೆ 5 ಸರಪಳಿ 8 ಆಣೆ, ಅಂದರೆ 181 ಅಡಿ 6 ಅಂಗುಲ. ಅದನ್ನು 5.8 ಎಂದು ಓದಿದರೆ 191 ಅಡಿ ದಾಟಿ, ಹತ್ತು ಅಡಿ ಆಚೆ ಹುಡುಕುತ್ತೀರಿ. ಗ್ರಾಮನಕ್ಷೆಯ ಅಂಚಿನ ಸರಪಳಿ 66 ಅಡಿಯದು, ಟಿಪ್ಪಣಿಯದು 33 ಅಡಿಯದು. ಎರಡನ್ನೂ ಒಂದೇ ಎಂದುಕೊಂಡರೆ ಎಲ್ಲವೂ ದುಪ್ಪಟ್ಟಾಗುತ್ತದೆ.

ಒಂದು ಮೈಲಿಗೊಂದು ಅಂಗುಲದ ಹಾಳೆ

ಗ್ರಾಮನಕ್ಷೆಯಲ್ಲಿ ಇಲ್ಲದ್ದು ಎತ್ತರ; ಕಟ್ಟಡಗಳೂ ಅಲ್ಲಿ ಅಪರೂಪ. ಅದಕ್ಕೆ ಸರ್ವೆ ಆಫ್ ಇಂಡಿಯಾದ ಟೋಪೋ ಹಾಳೆ ಬೇಕು. ಹಳೆಯವು 1:63,360, ಈಗಿನವು 1:50,000. ಸಂಖ್ಯೆ ಹಿಡಿಯುವುದು ಸುಲಭ: ನಾಲ್ಕು ಡಿಗ್ರಿ ಉದ್ದಗಲದ ದೊಡ್ಡ ಚೌಕಕ್ಕೆ ಒಂದು ಅಂಕಿ, ಅದರೊಳಗೆ ಎ ಯಿಂದ ಪಿ ವರೆಗೆ ಒಂದೊಂದು ಡಿಗ್ರಿಯ ಹದಿನಾರು ಚೌಕ, ಪ್ರತಿಯೊಂದರಲ್ಲೂ 15 ನಿಮಿಷದ ಹದಿನಾರು ಹಾಳೆ. 12ರಿಂದ 16 ಡಿಗ್ರಿ ಅಕ್ಷಾಂಶದ ನಡುವೆ, 76 ಡಿಗ್ರಿ ರೇಖಾಂಶದ ಪೂರ್ವಕ್ಕೆ 57, ಪಶ್ಚಿಮಕ್ಕೆ 48. ಅದರ ಉತ್ತರಕ್ಕೆ ರಾಯಚೂರು, ಕಲಬುರಗಿ 56ರಲ್ಲಿ, ವಿಜಯಪುರ 47ರಲ್ಲಿ. ಈಗಿನ ಹಾಳೆಗಳು ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿವೆ. 1950ರ ದಶಕದ 1:2,50,000 ಪ್ರಮಾಣದ ಅಮೆರಿಕನ್ ಸೇನಾ ನಕ್ಷೆಗಳನ್ನು ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಉಚಿತವಾಗಿ ಇಟ್ಟಿದೆ. ಈ ಪ್ರಮಾಣದಲ್ಲಿ ಹೊಲ ಕಾಣದು, ಊರಿನ ಹೆಸರು ಕಾಣುತ್ತದೆ. ಅಣೆಕಟ್ಟೆಗೆ ಮುಳುಗಿದ ಊರುಗಳಿಗೆ ಅಷ್ಟೇ ಬೇಕು. ಶರಾವತಿ ಕಣಿವೆಯಲ್ಲಿ 1964ರ ಲಿಂಗನಮಕ್ಕಿಗೆ ಮುಂಚಿನ ನಕ್ಷೆ ಹುಡುಕಿದರೆ ನೀರಿನಡಿಯ ಊರುಗಳೂ ದಾರಿಗಳೂ ಅಲ್ಲಿರುತ್ತವೆ. ಅದೇ ನೀರಿನಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟೆ ಬರದ ವರ್ಷಗಳಲ್ಲಿ ತಲೆ ಎತ್ತುತ್ತದೆ.

ಟೋಪೋ ಹಾಳೆಯಲ್ಲಿ ಕೆರೆ ಏರಿಯ ಪಕ್ಕ ‘3ಆರ್’, ‘5ಆರ್’ ಎಂಬಂಥ ಪುಟ್ಟ ಅಂಕಿಗಳಿರುತ್ತವೆ. ಅದು ಸುತ್ತಲ ನೆಲಕ್ಕಿಂತ ಏರಿ ಎಷ್ಟು ಎತ್ತರ ಎಂಬ ಲೆಕ್ಕ. ಹೊಸ ಹಾಳೆಯಲ್ಲಿ ಮೀಟರು, ಹಳೆಯದರಲ್ಲಿ ಅಡಿ. ನೀಲಿ ಬಣ್ಣದ್ದು ನೀರು ನಿಲ್ಲುವ ಕೆರೆ, ಕಪ್ಪು ಗೆರೆಯದ್ದು ಒಣಗುವ ಹಳ್ಳ. ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ, ಮುದ್ರಿಸಿದ ವರ್ಷ ಎರಡೂ ಬೇರೆ ಬೇರೆ ಇರುತ್ತವೆ. ನೆಲದ ಸ್ಥಿತಿ ಸರ್ವೆ ವರ್ಷದ್ದು. ಮರುಮುದ್ರಣದಲ್ಲಿ ರಸ್ತೆ, ರೈಲು ಹಳಿ ಮಾತ್ರ ತಿದ್ದಿರುವುದುಂಟು.

ಉಪಗ್ರಹ ಚಿತ್ರದ ಮೇಲೆ ಕೂರಿಸುವುದು

ಗೂಗಲ್ ಅರ್ಥ್ ಪ್ರೊನಲ್ಲಿ ಚಿತ್ರವನ್ನು ಹೊದಿಸಿ ಎಳೆದು ಹೊಂದಿಸಬಹುದು, ಕಣ್ಣಂದಾಜಿಗೆ ಅದು ಸಾಕು. ಅಳತೆ ಬೇಕೆಂದರೆ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್ (ಚಿತ್ರವನ್ನು ನೆಲದ ನಿಜ ಜಾಗಕ್ಕೆ ಕೂರಿಸುವ ಸಾಧನ) ಬಳಸಿ. ಹೊಸ ಆವೃತ್ತಿಗಳಲ್ಲಿ ಅದು ಲೇಯರ್ ಮೆನುವಿನಲ್ಲಿದೆ. ಕರ್ನಾಟಕದ ಬಹುಭಾಗಕ್ಕೆ ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಪಟ್ಟಿಯಲ್ಲಿ ಇಪಿಎಸ್‌ಜಿ 32643 ಆರಿಸಿ. ಕೋಲಾರದ ಕಡೆ 78 ಡಿಗ್ರಿ ರೇಖಾಂಶ ದಾಟಿದರೆ 32644.

ಕೆಲಸ ಕೆಡುವುದು ನಕ್ಷೆಯಲ್ಲೂ ಉಪಗ್ರಹ ಚಿತ್ರದಲ್ಲೂ ಒಂದೇ ಎಂದು ಗುರುತಿಸುವ ಬಿಂದುಗಳ ಆಯ್ಕೆಯಲ್ಲಿ. ರಸ್ತೆಯ ತಿರುವು ಬೇಡ, ಅಗಲ ಮಾಡುವಾಗ ಸರಿದಿರುತ್ತದೆ. ಹಳ್ಳದ ದಡ ಬೇಡ, ಹರಿವು ಬದಲಾಗಿರುತ್ತದೆ. ಮೂರು ಗ್ರಾಮಗಳ ಗಡಿ ಕೂಡುವ ಮೂಲೆ, ಏರಿಯ ಎರಡು ತುದಿ, ತೂಬು, ಹಳೆಯ ಗುಡಿ, ಬದು ಬದಲಾಗದ ಹೊಲದ ಮೂಲೆ, ಇವು ಒಳ್ಳೆಯವು. ಕನಿಷ್ಠ ಎಂಟು ಬಿಂದು ಇರಲಿ, ನಾಲ್ಕು ದಿಕ್ಕಿಗೂ ಹರಡಿರಲಿ. ಎಲ್ಲವೂ ಊರ ಸುತ್ತ ಇದ್ದರೆ ಗಡಿಯಂಚು ಸೊಟ್ಟಗಾಗುತ್ತದೆ. ಪರಿವರ್ತನೆಗೆ ಮೊದಲು ಪಾಲಿನಾಮಿಯಲ್ 1 ಆರಿಸಿ. ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿದರೆ ಪ್ರತಿ ಬಿಂದುವಿನ ದೋಷವೂ ಸೊನ್ನೆ ಎಂದು ತೋರಿಸುತ್ತದೆ, ಅದು ಮೋಸ: ತಪ್ಪು ಬಿಂದುವಿಗೂ ನಕ್ಷೆಯನ್ನು ರಬ್ಬರಿನಂತೆ ಎಳೆದು ಕೂರಿಸಿರುತ್ತದೆ. ಗ್ರಾಮನಕ್ಷೆಗೆ 10 ಮೀಟರಿನ ಒಳಗಿನ ದೋಷ ಚೆನ್ನಾಗಿದೆ ಎನ್ನಬೇಕು. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ ನೆಲದ ಮೇಲೆ 4 ಮೀಟರು.

ಟೋಪೋ ಹಾಳೆಯಾದರೆ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಹಾಕಿದರೆ ಮುಗಿಯಿತು ಎನಿಸುತ್ತದೆ. ಆದರೆ ಹಳೆಯ ಹಾಳೆಗಳು ಎವರೆಸ್ಟ್ ಗೋಳಾಭದ, ಅಂದರೆ ಭೂಮಿಯ ಆಕಾರದ ಹಳೆಯ ಲೆಕ್ಕದ, ಮೇಲೆ ಬರೆದವು. ಈಗಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದು ಹಾಕಿಬಿಟ್ಟರೆ ನಮ್ಮ ಕಡೆ ನಕ್ಷೆ ನೂರು ಇನ್ನೂರು ಮೀಟರ್ ಜರುಗಿ ಕೂರುತ್ತದೆ. ಗುಡಿಯೆಲ್ಲ ಕೆರೆಯೊಳಗೆ ಬಿದ್ದರೆ ಕಾರಣ ಇದು. ಸಿಆರ್‌ಎಸ್ ಪಟ್ಟಿಯಲ್ಲಿ ‘ಕಲ್ಯಾಣಪುರ’ (Kalianpur) ಎಂಬ ಹೆಸರಿನದನ್ನು ಆರಿಸಬೇಕು.

ಹೊಲದಲ್ಲಿ ನಿಂತಾಗ ದಿಶಾಂಕ್ ಆ್ಯಪ್ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ದಿಕ್ಕು ತಪ್ಪದಿರಲು ಒಳ್ಳೆಯದು. ಅಡಕೆ ತೋಟದ ಒಳಗೆ, ಬಂಡೆಗಳ ಸಂದಿಯಲ್ಲಿ ಫೋನಿನ ಜಿಪಿಎಸ್ ಹತ್ತಾರು ಮೀಟರ್ ತಪ್ಪುವುದರಿಂದ ಬದುವಿನ ಪಕ್ಕ ನಿಂತು ಅದನ್ನು ನಂಬಬೇಡಿ.

ನೆಲಕ್ಕೆ ಇಳಿದಾಗ

ಫೆಬ್ರುವರಿಯಿಂದ ಮೇ ತಿಂಗಳು ಸರಿಯಾದ ಕಾಲ. ಸುಗ್ಗಿ ಮುಗಿದು ಹೊಲ ಬರಿದಾಗಿರುತ್ತದೆ, ಕೆರೆ ಅಂಗಳ ಕಾಣುತ್ತದೆ. ಒಂದೆರಡು ಮುಂಗಾರುಪೂರ್ವ ಮಳೆ ಬಿದ್ದು ಉತ್ತ ಹೊಲ ಇನ್ನೂ ಒಳ್ಳೆಯದು: ತೊಳೆದ ಮಣ್ಣಿನ ಮೇಲೆ ಮಡಕೆ ಚೂರು ಎದ್ದು ಕಾಣುತ್ತದೆ. ಸುತ್ತಲಿನ ಕೆಂಪು ಮಣ್ಣಿನ ನಡುವೆ ಬೂದು ಬಣ್ಣದ ಸಡಿಲ ಮಣ್ಣು, ಒತ್ತಾಗಿ ಮಡಕೆ ಚೂರು ಕಂಡರೆ ಹಾಳೂರು. ಬಳ್ಳಾರಿ ಸೀಮೆಯಲ್ಲಿ ಬೂದಿದಿಬ್ಬ ಎಂಬ ಹೆಸರಿದ್ದರೆ ಅದು ಮೂರರಿಂದ ಐದು ಸಾವಿರ ವರ್ಷ ಹಿಂದಿನ ದನಗಾಹಿಗಳ ಸಗಣಿ ಸುಟ್ಟ ರಾಶಿಯೂ ಆಗಿರಬಹುದು. ಕುಡತಿನಿಯದು ಅಂಥದ್ದು.

ಮೊದಲು ಬಾಂದುಕಲ್ಲುಗಳನ್ನು (ಗಡಿಕಲ್ಲುಗಳನ್ನು) ನೋಡಿ. ಎಲ್ಲ ಕಲ್ಲೂ ಸರ್ವೆಯವರು ನೆಟ್ಟದ್ದಲ್ಲ. ತ್ರಿಶೂಲ ಅಥವಾ ಲಿಂಗಮುದ್ರೆ ಇರುವುದು ಶಿವಾಲಯಕ್ಕೆ ಬಿಟ್ಟ ಭೂಮಿಯ ಗಡಿ, ಶಂಖ ಚಕ್ರ ಅಥವಾ ಕೊಡೆ ಹಿಡಿದ ವಾಮನ ಇರುವುದು ವೈಷ್ಣವ ದತ್ತಿಯದು. ಅವು ಇವತ್ತಿನ ಸರ್ವೆ ಗಡಿಯ ಮೇಲೆಯೇ ಇದ್ದರೆ ಶತಮಾನಗಳ ಗಡಿಯನ್ನೇ ಸರ್ವೆಯವರು ಒಪ್ಪಿಕೊಂಡರು ಎಂದಾಯಿತು. ಊರ ಬಾಗಿಲಿನ ಕರುಗಲ್ಲು ಈಗ ಊರಿನ ಹೊರಗಿದ್ದರೆ ಊರು ಜರುಗಿದೆ. ವೀರಗಲ್ಲು ಮಾತ್ರ ಎತ್ತಿ ತಂದು ಗುಡಿ ಮುಂದೆ ನಿಲ್ಲಿಸುವ ವಸ್ತು, ಅದರ ಈಗಿನ ಜಾಗದಿಂದ ಏನನ್ನೂ ತೀರ್ಮಾನಿಸಬೇಡಿ.

ಶಾಸನವಿರುವ ಊರಾದರೆ ಬಿ.ಎಲ್. ರೈಸ್ ಅವರ ಕಾಲದಿಂದ ಬಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕುವಾರು ಹುಡುಕಿ. ತಾಲ್ಲೂಕು ಅಂದಿನದು ಎಂಬುದನ್ನು ಮರೆಯಬೇಡಿ. ದಾನಶಾಸನದ ಸೀಮೆ ವಿವರಣೆಯಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಕೆರೆ, ಹುತ್ತ, ಬಂಡೆ, ಮರಗಳ ಸಾಲೇ ಬರುತ್ತದೆ. ಮರ ಹುತ್ತ ಹೋಗಿರುತ್ತವೆ. ಕೆರೆ, ಬಂಡೆ, ಪಕ್ಕದ ಊರಿನ ಹೆಸರು ಈ ಮೂರನ್ನಷ್ಟೇ ಹಿಡಿದು ನಕ್ಷೆಯ ಮೇಲೆ ಸುತ್ತುಹಾಕಿ.

ಊರ ಹಿರಿಯರ ಹತ್ತಿರ ‘ಇತಿಹಾಸ ಹೇಳಿ’ ಎಂದರೆ ಪಾಂಡವರ ಕಥೆ ಬರುತ್ತದೆ. ‘ಯಜಮಾನ್ರೇ, ಈ ಹೊಲಕ್ಕೆ ಏನಂತ ಕರೀತೀರಿ? ಆಚೆ ಬದುವಿನದಕ್ಕೆ?’ ಎಂದು ಒಂದೊಂದೇ ಕೇಳುತ್ತಾ ನಡೆಯಿರಿ. ಸಂತೆ ಹೊಲ, ಕೋಟೆ ತಿಟ್ಟು, ತಳವಾರ ಮಾನ್ಯ, ಅಗಸರ ಕಟ್ಟೆ, ಹಾಳೂರ ದಿಣ್ಣೆ. ಸರ್ವೆ ನಂಬರು ಗೊತ್ತಿಲ್ಲದವರಿಗೂ ಇವು ಬಾಯಲ್ಲಿವೆ. ನೀರಗಂಟಿಯ, ತೋಟಿಯ ಮನೆತನದವರನ್ನು ಬಿಡಬೇಡಿ. ತೂಬು, ಕಾಲುವೆ, ಗಡಿ ತಿರುಗಿದವರು ಅವರು. ಊರ ಹೊರಗಿನ ಕೇರಿ, ಗುಡ್ಡದ ಮಗ್ಗುಲ ಹಟ್ಟಿ ಹಳೆಯ ನಕ್ಷೆಗಳಲ್ಲಿ ಕಾಣದೇ ಇರುವುದು ಹೆಚ್ಚು. ನಕ್ಷೆಯಲ್ಲಿ ಇಲ್ಲ ಎಂದರೆ ನೆಲದ ಮೇಲೆ ಇರಲಿಲ್ಲ ಎಂದಲ್ಲ. ಆ ಕೇರಿಗಳಿಗೂ ಹೋಗಿ ಅದೇ ಪ್ರಶ್ನೆ ಕೇಳಿ.

ನಕ್ಷೆ ಬಿಚ್ಚಿ ಟೇಪು ಹಿಡಿದವರನ್ನು ಕಂಡರೆ ಜನಕ್ಕೆ ಮೊದಲು ಬರುವ ಅನುಮಾನ ಜಮೀನು ಹೋಗುತ್ತದೆ ಎಂಬುದು. ಪಂಚಾಯ್ತಿಗೂ ಗ್ರಾಮ ಆಡಳಿತ ಅಧಿಕಾರಿಗೂ ಮುಂಚೆಯೇ ಹೇಳಿಬಿಡಿ. ವ್ಯಾಜ್ಯದಲ್ಲಿರುವ ಹೊಲದಲ್ಲಿ ಅಳೆಯಬೇಡಿ, ‘ಈ ಓಣಿ ನಿಮ್ಮ ಹೊಲದೊಳಗಿದೆ’ ಎಂಬ ಮಾತು ಬಾಯಿಂದ ಬರದಿರಲಿ.

ನಾಣ್ಯ, ಆಭರಣ ಏನಾದರೂ ಕಂಡರೆ ಮುಟ್ಟಬೇಡಿ. ನಿಧಿ ಕಾಯ್ದೆಯಂತೆ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿ ಅಗೆಯುವವರ ಕಾಟ ಇರುವ ಕಡೆ ಗುಡಿ, ಹಾಳೂರಿನ ನಿಖರ ಜಾಗವನ್ನು ಅಂತರಜಾಲಕ್ಕೆ ಹಾಕಬೇಡಿ. ಹೋಬಳಿಯ ಹೆಸರು ಸಾಕು.

ಬರೆದಿಡಲು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ಸರ್ವೆ ನಂಬರು, ಜನರ ಬಾಯಲ್ಲಿನ ಹೆಸರು, ನಕ್ಷೆಯಲ್ಲಿ ಇರುವುದು, ನೆಲದ ಮೇಲೆ ಕಂಡದ್ದು, ಹೇಳಿದವರ ಅಂದಾಜು ವಯಸ್ಸು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ತಾಳೆ ಬೀಳದ ಸಾಲುಗಳಿಗೆ ಪಕ್ಕದಲ್ಲಿ ಚುಕ್ಕಿ ಇಡಿ. ಮುಂದಿನ ಸಲ ಸರ್ವೆ ಆಫೀಸಿಗೆ ಹೋಗುವಾಗ ಕೇಳಬೇಕಾದ ಟಿಪ್ಪಣಿಗಳು ಆ ಚುಕ್ಕಿ ಇಟ್ಟ ನಂಬರುಗಳವು.